ಎರಡು ಗಾಜುಗಳ ನಡುವಣ ಮಂಜು

ಬ್ರಿಟನ್ನಿನ ಊರುಗಳಲ್ಲಿ ನವೆಂಬರ್ ತಿಂಗಳು ಕಾಲಿಟ್ಟಿತೆಂದರೆ, ಹೊರಗಣ ಶೀತವೂ ಒಳಗಣ ಬೆಚ್ಚನೆಯ ಗಾಳಿಯೂ ಎದುರುಬದುರಾಗಿ ನಿಲ್ಲುವ ಗಡಿ ಕಿಟಕಿಯ ಗಾಜೇ ಆಗಿರುವುದರಿಂದ, ಮನೆಯ ದೋಷಗಳು ಮೊತ್ತಮೊದಲು ಪ್ರಕಟವಾಗುವುದೂ ಆ ಗಾಜಿನ ಮೇಲೆಯೇ. ಎರಡು ಗಾಜುಗಳ ನಡುವೆ, ಕೈಗೂ ಬಟ್ಟೆಗೂ ನಿಲುಕದ ಸ್ಥಳದಲ್ಲಿ, ಮಂಜು ಕವಿಯುತ್ತದೆ. ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಕದ ಇಂದು ದಾರಂದಕ್ಕೆ ಉಜ್ಜತೊಡಗುತ್ತದೆ. ಹಿಂಬಾಗಿಲಿನ ಹಿಡಿಯನ್ನು ಎಷ್ಟು ಮೇಲೆತ್ತಿದರೂ ಬೀಗ ಬೀಳುವುದಿಲ್ಲ. ಆಗ ಮನೆಯೊಡೆಯನು ಕರೆಯುವುದು ಸಾಮಾನ್ಯವಾಗಿ ಹೊಸ ಕಿಟಕಿಗಳನ್ನು ಮಾರುವ ವ್ಯಾಪಾರಿಯನ್ನು. ಕಿಟಕಿಗಳಿಗೆಲ್ಲ ವಯಸ್ಸಾಯಿತು, ಎಲ್ಲವನ್ನೂ ಕಿತ್ತು ಹೊಸದನ್ನು ಕೂರಿಸುವುದೇ ಲೇಸು ಎಂಬ ಉತ್ತರ ಅಲ್ಲಿಂದ ಬರುವುದು ಸಹಜ. ಮಾರುವುದೇ ವೃತ್ತಿಯಾದವನಿಂದ ಬೇರೆಯ ಉತ್ತರವನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಆದರೆ ಆ ಉತ್ತರ ಬಹುಮಟ್ಟಿಗೆ ಅನವಶ್ಯಕವಾದ ವೆಚ್ಚಕ್ಕೆ ದಾರಿಯೆಂಬುದನ್ನೂ, ಸಾವಧಾನಚಿತ್ತನಾದ ಗೃಹಸ್ಥನೊಬ್ಬ ಈ ದೋಷಗಳಲ್ಲಿ ಮುಕ್ಕಾಲು ಪಾಲನ್ನು ತಾನೇ ಗುರುತಿಸಿ ತಾನೇ ಸರಿಪಡಿಸಬಲ್ಲನೆಂಬುದನ್ನೂ ಸ್ವಲ್ಪ ವಿಸ್ತಾರವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಕಿಟಕಿಯನ್ನು ನಾವು ಒಂದು ಅಖಂಡವಾದ ವಸ್ತುವೆಂದು ಎಣಿಸುತ್ತೇವೆ. ಬಿಚ್ಚಿ ನೋಡಿದರೆ ಅಲ್ಲಿ ಕೂಡಿರತಕ್ಕವು ಮೂರು ಅಂಗಗಳು, ಮೂರಕ್ಕೂ ಪ್ರತ್ಯೇಕವಾದ ಆಯುಸ್ಸು. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು ಬಣ್ಣ ಕೊಂಚ ಮಂಕಾದರೂ ದಶಕಗಟ್ಟಲೆ ಕೆಡದೆ ನಿಲ್ಲುತ್ತದೆ. ಅದರೊಳಗೆ ಕುಳಿತಿರುವ ಜೋಡಿಗಾಜಿನ ಹಲಗೆ ತನ್ನ ಅಂಚಿನ ಅಂಟು ಹಿಡಿದಿರುವಷ್ಟು ಕಾಲ ಮಾತ್ರ ಬಾಳುತ್ತದೆ. ಕೀಲು, ಹಿಡಿ, ಬೀಗಗಳೆಂಬ ಚಲಿಸುವ ಭಾಗಗಳು ದಿನವೂ ಸವೆಯುತ್ತಾ ಎಲ್ಲಕ್ಕಿಂತ ಮೊದಲು ಸೋಲುತ್ತವೆ. ಒಂದು ಅಂಗ ಸೋತುದಕ್ಕಾಗಿ ಆರೋಗ್ಯವಾಗಿರುವ ಉಳಿದೆರಡನ್ನೂ ಕಸಕ್ಕೆ ಹಾಕುವುದು ಹಣದ ದೃಷ್ಟಿಯಿಂದಲೂ ಪದಾರ್ಥದ ದೃಷ್ಟಿಯಿಂದಲೂ ನಷ್ಟವೇ.

ಕಿಟಕಿಯ ವಿಷಯದಲ್ಲಿ ಆಂಗ್ಲರ ಚರಿತ್ರೆ ಸ್ವಾರಸ್ಯವಾದದ್ದು. 1696ರಲ್ಲಿ ಆ ದೇಶದ ಸರ್ಕಾರ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ವಿಧಿಸಿತು. 1851ರಲ್ಲಿ ಅದು ರದ್ದಾಗುವವರೆಗೆ ಎಷ್ಟೋ ಮಂದಿ ತೆರಿಗೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಬೆಳಕನ್ನೇ ತ್ಯಜಿಸಿ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿದರು, ಆ ಕುರುಡು ಕಿಟಕಿಗಳು ಹಳೆಯ ಬೀದಿಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಎರಡು ಗಾಜುಗಳ ನಡುವೆ ಗಾಳಿಯನ್ನು ಬಂಧಿಸಿ ಶಾಖವನ್ನು ತಡೆಯುವ ಉಪಾಯಕ್ಕೆ ಅಮೆರಿಕದ ಥಾಮಸ್ ಸ್ಟೆಟ್ಸನ್ ಎಂಬಾತ 1865ರಲ್ಲಿಯೇ ಪೇಟೆಂಟ್ ಪಡೆದಿದ್ದನಾದರೂ ಅದು ಸಾಮಾನ್ಯರ ಮನೆಯನ್ನು ಮುಟ್ಟಲು ನೂರು ವರ್ಷಗಳಿಗೂ ಮೇಲ್ಪಟ್ಟು ಹಿಡಿಯಿತು. ಸೇಂಟ್ ಹೆಲೆನ್ಸ್ ಪಟ್ಟಣದ ಪಿಲ್ಕಿಂಗ್ಟನ್ ಕಾರ್ಖಾನೆಯವರು ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಮತಲವಾದ ಹಾಳೆಯಾಗಿ ಎಳೆಯುವ ವಿಧಾನವನ್ನು 1959ರಲ್ಲಿ ಪ್ರಕಟಿಸಿದ ಮೇಲೆ ಒಳ್ಳೆಯ ಗಾಜು ಸುಲಭ ಬೆಲೆಗೆ ಸಿಕ್ಕಿತು; 1973ರ ತೈಲ ಸಂಕಟ ಮನೆ ಕಾಯಿಸುವ ಖರ್ಚನ್ನು ಏರಿಸಿತು; ಇವೆರಡರ ಫಲವಾಗಿ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಮನೆಮನೆಯ ಬಾಗಿಲು ತಟ್ಟಿ ಜೋಡಿಗಾಜಿನ ಕಿಟಕಿ ಮಾರುವ ವ್ಯಾಪಾರ ಹಬ್ಬಿತು. ಅಂದು ಕೂರಿಸಿದ ಕಿಟಕಿಗಳಲ್ಲಿ ಅನೇಕವು ಇಂದಿಗೂ ಗೋಡೆಯಲ್ಲಿವೆ. ಅವುಗಳ ಮುಪ್ಪಿನ ತೊಂದರೆಗಳು ಲಂಡನ್, ರೆಡಿಂಗ್, ಮಿಲ್ಟನ್ ಕೀನ್ಸ್ ಮುಂತಾದ ಕಡೆ ಹಳೆಯ ಮನೆ ಕೊಂಡು ನೆಲಸಿರುವ ನಮ್ಮ ಕನ್ನಡದ ಕುಟುಂಬಗಳ ಪಾಲಿಗೂ ಬಂದಿವೆ.

ಜೋಡಿಗಾಜಿನ ಹಲಗೆಯ ರಚನೆಯನ್ನು ಒಮ್ಮೆ ಮನಸ್ಸಿನಲ್ಲಿ ಬಿಡಿಸಿಕೊಂಡರೆ ಮುಂದಿನದೆಲ್ಲ ಸುಗಮ. ಸಾಮಾನ್ಯವಾಗಿ 4 ಮಿಲಿಮೀಟರ್ ದಪ್ಪದ ಎರಡು ಗಾಜುಗಳು. ಈಚಿನ ಕಿಟಕಿಗಳಲ್ಲಿ ಅವುಗಳ ನಡುವೆ 16ರಿಂದ 20 ಮಿಲಿಮೀಟರ್ ಅಂತರ. ಆ ಅಂತರವನ್ನು ಕಾಯ್ದಿಡಲು ಅಂಚಿನುದ್ದಕ್ಕೂ ಒಂದು ಟೊಳ್ಳು ಪಟ್ಟಿ. ಪಟ್ಟಿಯ ಹೊಟ್ಟೆಯಲ್ಲಿ ತೇವವನ್ನು ಹೀರುವ ಸಣ್ಣ ಹರಳುಗಳು. ಇಷ್ಟನ್ನೂ ಸುತ್ತುವರಿದು ನೀರಾವಿ ನುಸುಳದಂತೆ ಬ್ಯೂಟೈಲ್ ಅಂಟಿನ ಒಂದು ಪದರ, ಅದರ ಹೊರಗೆ ಎಲ್ಲವನ್ನೂ ಬಿಗಿಯಾಗಿ ಹಿಡಿಯುವ ಮತ್ತೊಂದು ಗಟ್ಟಿ ಅಂಟಿನ ಪದರ. ಒಳಗೆ ಒಣಗಾಳಿ, ಈಚಿನವುಗಳಲ್ಲಿ ಆರ್ಗಾನ್ ಅನಿಲ. ಶಾಖವನ್ನು ತಡೆಯುವುದು ಮುಖ್ಯವಾಗಿ ಈ ನಿಶ್ಚಲವಾದ ಅನಿಲ. ಗಾಜುಗಳು ಅದನ್ನು ಸೆರೆಯಿಡುವ ಕಾವಲುಗಾರರು ಮಾತ್ರ.

ಗಾಜಿನ ಮೇಲೆ ನೀರು ಕಂಡಾಗ ಅದು ಎಲ್ಲಿದೆಯೆಂದು ನಿಶ್ಚಯಿಸುವುದೇ ಮೊದಲ ಪರೀಕ್ಷೆ, ಮತ್ತು ಅತ್ಯಂತ ಹೆಚ್ಚು ಉಪೇಕ್ಷೆಗೆ ಒಳಗಾದ ಪರೀಕ್ಷೆ. ಒಳಮುಖವನ್ನು ಬಟ್ಟೆಯಿಂದ ಒರಸಿ ನೋಡಬೇಕು. ಹೋಗದಿದ್ದರೆ ಹೊರಗೆ ಬಂದು ಹೊರಮುಖವನ್ನು ಒರಸಬೇಕು. ಎರಡು ಕಡೆಯೂ ಒರಸಿದ ಮೇಲೆ ಉಳಿಯುವ ಮಂಜು ನಡುವಿನದು. ಶರತ್ಕಾಲದ ಮುಂಜಾನೆಗಳಲ್ಲಿ ಹೊರಮುಖದ ಮೇಲೆ ಹನಿ ಕಟ್ಟಿ, ಬಿಸಿಲೇರಿದಂತೆ ತಾನಾಗಿ ಮಾಯವಾಗುವುದುಂಟು. ಹೊಸ ಕಿಟಕಿ ಹಾಕಿಸಿದವರು ಇದನ್ನು ಕಂಡು ಗಾಬರಿಯಾಗುತ್ತಾರೆ. ಒಳಗಿನ ಶಾಖ ಹೊರಗಾಜಿಗೆ ತಲುಪದಿರುವುದರಿಂದಲೇ ಅದು ಹಾಗೆ ತಣ್ಣಗಿರುತ್ತದೆ. ಕಿಟಕಿ ತನ್ನ ಕೆಲಸವನ್ನು ಸಮರ್ಪಕವಾಗಿ ಮಾಡುತ್ತಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಒಳಮುಖದ ನೀರಿಗೆ ಕಾರಣ ಕಿಟಕಿಗಿಂತ ಹೆಚ್ಚಾಗಿ ಮನೆಯೊಳಗಿನ ಆವಿ. ಕೊಠಡಿಯ ಉಷ್ಣತೆ 20 ಡಿಗ್ರಿ, ಸಾಪೇಕ್ಷ ತೇವಾಂಶ ಶೇಕಡಾ 60 ಇರುವಾಗ, ಸುಮಾರು 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯ ಮೇಲಾದರೂ ಆವಿ ನೀರಾಗಿ ಇಳಿಯುತ್ತದೆ. ಹೊರಗೆ ಸೊನ್ನೆ ಡಿಗ್ರಿ ಇರುವ ರಾತ್ರಿ ಒಂಟಿಗಾಜಿನ ಒಳಮುಖ ಸುಮಾರು 5 ಡಿಗ್ರಿಗೆ ಇಳಿದಿರುತ್ತದೆ. ಹಳೆಯ ಮಾದರಿಯ ಜೋಡಿಗಾಜು 12–13ರ ಹತ್ತಿರ, ಅಂದರೆ ಸರಿಯಾಗಿ ಗಡಿಯ ಮೇಲೆ ನಿಂತಿರುತ್ತದೆ. ಶಾಖಪ್ರತಿಫಲನದ ಲೇಪವೂ ಆರ್ಗಾನೂ ಉಳ್ಳ ಹೊಸ ಗಾಜು 17ರ ಸಮೀಪ. ಹಾಗಿರುವಾಗ ಅನ್ನದ ಕುಕ್ಕರು, ಕುದಿಯುವ ಸಾರು, ಸ್ನಾನದ ಬಿಸಿನೀರು, ಮಳೆಗೆ ಹೆದರಿ ಕೊಠಡಿಯಲ್ಲೇ ಹರವಿದ ಬಟ್ಟೆ ಇವುಗಳಿಂದ ಎದ್ದ ಆವಿಗೆ ಹೊರದಾರಿ ಇಲ್ಲದಿದ್ದರೆ ಎಷ್ಟು ಹೊಸ ಕಿಟಕಿ ತಂದರೂ ಮೂಲೆಗಳಲ್ಲಿ ಕಪ್ಪು ಬೂಷ್ಟು ತಪ್ಪದು. ಅಡುಗೆಮನೆಯ ಫ್ಯಾನು ಹೊರಕ್ಕೆ ಗಾಳಿ ತಳ್ಳುವಂಥದ್ದಾಗಿರಲಿ. ಚೌಕಟ್ಟಿನ ಮೇಲ್ಭಾಗದಲ್ಲಿ ಜಾರುಮುಚ್ಚಳವುಳ್ಳ ಸಣ್ಣ ಗಾಳಿಕಂಡಿ ಇದ್ದರೆ ಚಳಿಗೆ ಅಂಜಿ ಅದನ್ನು ಶಾಶ್ವತವಾಗಿ ಮುಚ್ಚದಿರಲಿ. ಈ ದೋಷಕ್ಕೆ ದುರಸ್ತಿಯೆಂದರೆ ಗಾಳಿಯಾಡಿಸುವುದೇ ಹೊರತು ಮತ್ತೇನೂ ಅಲ್ಲ.

ಇನ್ನು ನಡುವಿನ ಮಂಜು. ಸೆರೆಯಲ್ಲಿರುವ ಅನಿಲ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ; 20 ಡಿಗ್ರಿಯಿಂದ 40ಕ್ಕೆ ಏರಿದರೆ ಅದು ನೂರಕ್ಕೆ ಏಳರಷ್ಟು ಹೆಚ್ಚು ಜಾಗ ಬಯಸುತ್ತದೆ. ಹೀಗೆ ಪ್ರತಿದಿನವೂ ಗಾಜುಗಳು ಅತಿಸೂಕ್ಷ್ಮವಾಗಿ ಉಬ್ಬಿ ತಗ್ಗುವಾಗ ಅಂಚಿನ ಅಂಟು ಎಳೆದಾಟಕ್ಕೆ ಸಿಕ್ಕಿಬೀಳುತ್ತದೆ. ವರ್ಷಗಳು ಸಂದಂತೆ ಕೂದಲೆಳೆಯಷ್ಟು ಸಂದು ಬಿಡುತ್ತದೆ, ಆ ಸಂದಿನಲ್ಲಿ ನೀರಾವಿ ಒಳಸೇರುತ್ತದೆ, ಪಟ್ಟಿಯೊಳಗಣ ಹರಳುಗಳು ತಮ್ಮ ಶಕ್ತಿಯಿರುವವರೆಗೆ ಹೀರುತ್ತವೆ, ಅವು ತೃಪ್ತವಾದ ಮರುಚಳಿಗಾಲದಲ್ಲಿ ಮಂಜು ಕಾಣುತ್ತದೆ. ಆದುದರಿಂದ ಮಂಜು ಕಂಡ ದಿನ ದೋಷ ಹುಟ್ಟಿದ ದಿನವಲ್ಲ. ಅದು ಬಹುಕಾಲದ ಹಿಂದೆಯೇ ಆರಂಭವಾಗಿರುತ್ತದೆ.

ಅಂಟಿನ ಈ ಅಕಾಲ ಮರಣಕ್ಕೆ ಬಹುಮುಖ್ಯವಾದ ಕಾರಣವೊಂದಿದೆ. ಬಲ್ಲವರು ಅದನ್ನು ಹೇಳುತ್ತಾರೆ, ಕೊಳ್ಳುವವರು ಕೇಳಿಸಿಕೊಳ್ಳುವುದಿಲ್ಲ. ಯುಪಿವಿಸಿ ಚೌಕಟ್ಟಿನೊಳಕ್ಕೆ ಮಳೆನೀರು ಒಂದಿಷ್ಟಾದರೂ ಇಳಿದೇ ಇಳಿಯುತ್ತದೆ. ಅದನ್ನು ಸಂಪೂರ್ಣವಾಗಿ ತಡೆಯುವೆನೆಂಬ ಹಟ ಅದರ ವಿನ್ಯಾಸದಲ್ಲಿ ಇಲ್ಲ. ಇಳಿದ ನೀರು ಹೊರಬೀಳಲೆಂದು ಕೆಳಪಟ್ಟಿಯಲ್ಲಿ ಉದ್ದನೆಯ ಸಣ್ಣ ರಂಧ್ರಗಳನ್ನು ಕೊರೆದಿರುತ್ತಾರೆ. ಹೊರಮುಖದಲ್ಲಿ ಅವುಗಳಿಗೆ ಪುಟ್ಟ ಪ್ಲಾಸ್ಟಿಕ್ ಟೋಪಿಗಳೂ ಇರಬಹುದು. ಧೂಳು, ಪಾಚಿ, ಜೇಡನ ಬಲೆ, ಸಣ್ಣ ಹುಳುಗಳ ಗೂಡು, ಕೆಲವೊಮ್ಮೆ ಗೋಡೆಗೆ ಬಣ್ಣ ಬಳಿದವನ ಅಜಾಗರೂಕತೆ ಇವುಗಳಿಂದ ಆ ರಂಧ್ರಗಳು ಮುಚ್ಚಿಹೋದರೆ, ನೀರು ಚೌಕಟ್ಟಿನ ತಳದಲ್ಲಿ ನಿಂತು, ಗಾಜಿನ ಕೆಳಅಂಚಿನ ಅಂಟು ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿ ಕೊಳೆಯುತ್ತದೆ. ಗಾಜನ್ನು ತಳದಿಂದ ಎತ್ತರಿಸಿ ಕೂರಿಸಲು ಬಳಸುವ ಪ್ಲಾಸ್ಟಿಕ್ ತುಣುಕುಗಳನ್ನು ಕೆಲಸಗಾರ ಮರೆತಿದ್ದರೆ, ಅಥವಾ ರಂಧ್ರದ ನೇರಕ್ಕೇ ಇಟ್ಟಿದ್ದರೆ, ಆಗಲೂ ಇದೇ ಗತಿ. ಕಿಟಕಿಯ ಕದವನ್ನು ತೆರೆದು, ಚೌಕಟ್ಟಿನ ಕೆಳಗಾಲುವೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತೆಳುವಾದ ತಂತಿಯನ್ನು ರಂಧ್ರಗಳಲ್ಲಿ ಮೆಲ್ಲನೆ ಆಡಿಸಿ, ಬಳಿಕ ಒಂದು ಲೋಟ ನೀರು ಹುಯ್ದು ಅದು ಹೊರಗಡೆ ಸರಾಗವಾಗಿ ಸುರಿಯುತ್ತದೆಯೆ ಎಂದು ನೋಡುವುದು ಮಗುವೂ ಮಾಡಬಹುದಾದ ಕೆಲಸ. ವರ್ಷಕ್ಕೊಮ್ಮೆ, ಎಲೆ ಉದುರುವ ಕಾಲ ಮುಗಿದ ಮೇಲೆ, ಇದನ್ನು ಮಾಡತಕ್ಕದ್ದು. ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ಓದುಗರು ನೆನಪಿಟ್ಟುಕೊಳ್ಳುವುದಾದರೆ ಅದು ಈ ರಂಧ್ರಗಳ ಮಾತಾಗಿರಲಿ ಎಂದು ನನ್ನ ಅಪೇಕ್ಷೆ.

ಮಂಜು ಕವಿದ ಗಾಜಿಗೆ ರಂಧ್ರ ಕೊರೆದು, ಒಳಗೆ ಒಣಗಿಸಿ, ಪುಟ್ಟ ಬಿರಡೆ ಇಟ್ಟು ಮುಚ್ಚುವ ಚಿಕಿತ್ಸೆಯೂ ಬ್ರಿಟನ್ನಿನಲ್ಲಿ ಪ್ರಚಾರದಲ್ಲಿದೆ. ನೋಟ ತಿಳಿಯಾಗುವುದು ನಿಜ. ಆದರೆ ಅನಿಲ ಹೋಗಿರುತ್ತದೆ, ಅಂಚಿನ ಅಂಟು ಹಾಗೆಯೇ ಒಡೆದಿರುತ್ತದೆ, ಬಹುಕಾಲ ನೀರು ನಿಂತು ಗಾಜಿನ ಮೇಲೆ ಬಿದ್ದ ಬಿಳಿಯ ಕಲೆಗಳು ಉಳಿದಿರುತ್ತವೆ. ಗಡಸುಗೊಳಿಸಿದ ಗಾಜಾದರೆ ಕೊರೆಯುವ ಮಾತೇ ಇಲ್ಲ, ಅದು ಒಡನೆಯೇ ಚೂರುಚೂರಾಗುತ್ತದೆ. ಹಣವನ್ನು ಎರಡು ಸಲ ತೆರುವುದಕ್ಕಿಂತ ಗಾಜಿನ ಹಲಗೆಯೊಂದನ್ನು ಮಾತ್ರ ಬದಲಾಯಿಸುವುದು ಉತ್ತಮವೆಂದೇ ನನ್ನ ಅಭಿಪ್ರಾಯ. ಚೌಕಟ್ಟು ಅಲುಗಬೇಕಾಗಿಲ್ಲ, ಗೋಡೆಯ ಗಾರೆ ಒಡೆಯಬೇಕಾಗಿಲ್ಲ.

ಬದಲಾಯಿಸುವ ಕೆಲಸದಲ್ಲಿ ಕಷ್ಟಕ್ಕಿಂತ ಎಚ್ಚರ ಹೆಚ್ಚು ಬೇಕು. ಗಾಜನ್ನು ಚೌಕಟ್ಟಿಗೆ ಹಿಡಿದಿಡುವವು ನಾಲ್ಕು ಬದಿಯ ಬೀಡಿಂಗ್ ಪಟ್ಟಿಗಳು; ಅವು ಒಳಗಡೆ ಇವೆಯೋ ಹೊರಗಡೆ ಇವೆಯೋ ಮೊದಲು ನೋಡಿಕೊಳ್ಳಬೇಕು. ಹೊರಗಡೆ ಇರುವ ಹಳೆಯ ಮಾದರಿಯಲ್ಲಿ, ಒಳಭಾಗದಲ್ಲಿ ಬೆಣೆಯಾಗಿ ತುರುಕಿದ ರಬ್ಬರನ್ನು ಮೊದಲು ಎಳೆದು ತೆಗೆದರೆ ಬಿಗಿತ ಸಡಿಲವಾಗಿ ಪಟ್ಟಿ ಸುಲಭವಾಗಿ ಬರುತ್ತದೆ. ಎಲ್ಲಕ್ಕಿಂತ ಉದ್ದವಾದ ಪಟ್ಟಿಯ ನಟ್ಟನಡುವೆ, ಪುಟ್ಟಿ ಹಚ್ಚುವ ಅಗಲ ಬ್ಲೇಡನ್ನು ಪಟ್ಟಿಗೂ ಚೌಕಟ್ಟಿಗೂ ಇರುವ ಸಂದಿನಲ್ಲಿ ತೂರಿಸಿ, ಗಾಜಿನ ಕಡೆಗೆ ಒತ್ತಡ ಬೀಳದಂತೆ ಮೀಟಬೇಕು. ನಡುವೆ ಬಿಲ್ಲಿನಂತೆ ಬಾಗಿದ ಪಟ್ಟಿ ತನ್ನ ತುದಿಗಳನ್ನು ತಾನೇ ಬಿಡಿಸಿಕೊಳ್ಳುತ್ತದೆ. ಯಾವ ಪಟ್ಟಿ ಯಾವ ಬದಿಯದೆಂದು ಗುರುತು ಹಾಕಿ ಕ್ರಮವಾಗಿ ಇಡಬೇಕು. ಮರಳಿ ಕೂರಿಸುವಾಗ ಗಿಡ್ಡವಾದವು ಮೊದಲು, ಉದ್ದವಾದವು ಆಮೇಲೆ. ಕೊನೆಯ ಪಟ್ಟಿಯನ್ನು ತೆಗೆಯುವ ಮೊದಲು ಗಾಜು ಮುಂದಕ್ಕೆ ವಾಲದಂತೆ ಒಬ್ಬರು ಹಿಡಿದಿರಲೇಬೇಕು. 4 ಮಿಲಿಮೀಟರಿನ ಎರಡು ಗಾಜುಗಳುಳ್ಳ ಹಲಗೆ ಪ್ರತಿ ಚದರ ಮೀಟರಿಗೆ 20 ಕಿಲೋಗ್ರಾಂ ತೂಗುತ್ತದೆಂಬುದನ್ನು ನೆನೆದರೆ, ದೊಡ್ಡ ಕಿಟಕಿಗೆ ಒಂಟಿಯಾಗಿ ಕೈಹಾಕುವ ಸಾಹಸ ತಾನಾಗಿ ಅಡಗುತ್ತದೆ. ದಪ್ಪ ಕೈಗವಸು, ಕನ್ನಡಕ, ಮುಚ್ಚಿದ ಬೂಟು ಇಲ್ಲದೆ ಈ ಕೆಲಸ ಬೇಡ. ಮಹಡಿಯ ಕಿಟಕಿಯ ಬೀಡಿಂಗ್ ಹೊರಗಡೆ ಇದ್ದರೆ ಏಣಿಯ ಮೇಲೆ ನಿಂತು ಗಾಜು ಇಳಿಸುವ ಪ್ರಯತ್ನವೂ ಬೇಡ. ಅದು ಕಸುಬುದಾರರ ಕೆಲಸ.

ಅಳತೆಯಲ್ಲಿ ತಪ್ಪಿದರೆ ಹಣ ಹೋದಂತೆಯೇ, ಏಕೆಂದರೆ ಅಂಗಡಿಯವನು ಹೇಳಿದ ಅಳತೆಗೆ ಮಾಡಿಕೊಟ್ಟ ಹಲಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಜೋಡಿಸಿದ ಮೇಲೆ ಅದನ್ನು ಕತ್ತರಿಸುವ ಹಾಗೂ ಇಲ್ಲ. ಬೀಡಿಂಗ್ ತೆಗೆದ ಮೇಲೆ ಹಳೆಯ ಹಲಗೆಯ ಅಗಲ, ಎತ್ತರ, ಒಟ್ಟು ದಪ್ಪ ಮೂರನ್ನೂ ಮಿಲಿಮೀಟರಿನಲ್ಲಿ ಅಳೆಯಬೇಕು. ಚೌಕಟ್ಟಿನ ಒಳಅಳತೆಯನ್ನು ಮೂರು ಕಡೆ ತೆಗೆದು, ಅತ್ಯಂತ ಚಿಕ್ಕದರಿಂದ 10 ಮಿಲಿಮೀಟರ್ ಕಳೆದು, ಎರಡೂ ಹೊಂದುತ್ತವೆಯೆ ಎಂದು ತಾಳೆ ನೋಡಬೇಕು. ಸುತ್ತಲೂ 5 ಮಿಲಿಮೀಟರ್ ಬಿಡುವು ಗಾಜು ಹಿಗ್ಗುವುದಕ್ಕೂ ನೀರು ಇಳಿಯುವುದಕ್ಕೂ ಅವಶ್ಯಕ. ಬಾಗಿಲಿನ ಗಾಜು, ಬಾಗಿಲ ಪಕ್ಕದ ಗಾಜು, ನೆಲದಿಂದ 800 ಮಿಲಿಮೀಟರಿಗಿಂತ ಕೆಳಗೆ ಇಳಿದಿರುವ ಕಿಟಕಿಯ ಗಾಜು ಇವು ಸುರಕ್ಷಿತ ಗಾಜೇ ಆಗಿರಬೇಕೆಂದು ಅಲ್ಲಿನ ಕಟ್ಟಡ ನಿಯಮ. ಅಂತಹ ಗಾಜಿನ ಮೂಲೆಯಲ್ಲಿ ಅಳಿಸಲಾಗದ ಮುದ್ರೆಯಿರುತ್ತದೆ. ಅಗ್ಗವೆಂದು ಅಲ್ಲಿ ಸಾಧಾರಣ ಗಾಜು ಇಡುವುದು ಓಡಾಡುವ ಮಕ್ಕಳಿಗೆ ಮಾಡುವ ದ್ರೋಹ.

ಹೊಸ ಹಲಗೆಯನ್ನು ಹೊಂದಿಸಲು, ಮನೆಯ ಉಳಿದ ಕಿಟಕಿಗಳ ಗಾಜು ಶಾಖಪ್ರತಿಫಲನದ ಲೇಪವುಳ್ಳದ್ದೋ ಅಲ್ಲವೋ ಎಂದು ತಿಳಿಯಲು ಒಂದು ಸೊಗಸಾದ ಉಪಾಯವಿದೆ. ಕತ್ತಲಲ್ಲಿ ಗಾಜಿನ ಮುಂದೆ ಬೆಂಕಿಕಡ್ಡಿಯನ್ನು ಹಚ್ಚಿ ಹಿಡಿದು ಓರೆಯಾಗಿ ನೋಡಿದರೆ, ಎರಡು ಗಾಜುಗಳ ನಾಲ್ಕು ಮುಖಗಳಿಂದ ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ. ಒಂದರ ಬಣ್ಣ ಉಳಿದ ಮೂರಕ್ಕಿಂತ ಬೇರೆಯಾಗಿದ್ದರೆ ಆ ಮುಖದ ಮೇಲೆ ಲೇಪವಿದೆ. ಬ್ರಿಟನ್ನಿನ ಪದ್ಧತಿಯಲ್ಲಿ ಅದು ಒಳಗಾಜಿನ ಹೊರಮುಖ, ಅಂದರೆ ಕೊಠಡಿಯಲ್ಲಿ ನಿಂತವನಿಗೆ ಎರಡನೆಯ ಪ್ರತಿಬಿಂಬ. ಹೊಸ ಹಲಗೆಯನ್ನು ತಿರುಗುಮುರುಗಾಗಿ ಕೂರಿಸಿಲ್ಲವೆಂದು ಖಚಿತಪಡಿಸಿಕೊಳ್ಳಲೂ ಇದೇ ಪರೀಕ್ಷೆ ಸಾಕು.

ಕಿಟಕಿಯ ಕೀಲುಗಳ ವಿಷಯ ಇಷ್ಟು ಜಟಿಲವಲ್ಲ. ಹೊರಕ್ಕೆ ತೆರೆಯುವ ಕದವನ್ನು ಹೊತ್ತಿರತಕ್ಕವು ಚೌಕಟ್ಟಿನ ಕಾಲುವೆಯಲ್ಲಿ ಅಡಗಿರುವ ಫ್ರಿಕ್ಷನ್ ಸ್ಟೇ ಎಂಬ ಒಂದು ಜೊತೆ ಉಕ್ಕಿನ ಕೀಲುಗಳು. ತೆರೆದಿಟ್ಟ ಕದ ಗಾಳಿಗೆ ತಾನಾಗಿ ಬಡಿದುಕೊಳ್ಳುವುದಾದರೆ ಅದರ ಜಾರುವ ತುಂಡಿನಲ್ಲಿರುವ ಸಣ್ಣ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿದರೆ ಸಾಕು. ತೋಳು ಬಾಗಿದ್ದರೆ, ತುಕ್ಕು ಹಿಡಿದಿದ್ದರೆ, ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಉದ್ದದ ಜೊತೆಗೆ, ಮುಚ್ಚಿದಾಗ ಕೀಲಿನ ದಪ್ಪ 13 ಮಿಲಿಮೀಟರೋ 17 ಮಿಲಿಮೀಟರೋ ಎಂದು ನೋಡಿಕೊಂಡು ತಂದರೆ ಹಳೆಯ ರಂಧ್ರಗಳಿಗೇ ಬಹುಶಃ ಹೊಂದುತ್ತದೆ. ಹಿಡಿಯ ಬದಲಾವಣೆ ಇನ್ನೂ ಸುಲಭ: ಪ್ಲಾಸ್ಟಿಕ್ ಮುಚ್ಚಳದ ಅಡಿ ಎರಡು ಸ್ಕ್ರೂಗಳು, ಅವುಗಳ ನಡುವೆ 43 ಮಿಲಿಮೀಟರ್, ಹಿಂದೆ 7 ಮಿಲಿಮೀಟರ್ ಚೌಕದ ಕಡ್ಡಿ, ಆ ಕಡ್ಡಿಯ ಉದ್ದವನ್ನು ಮಾತ್ರ ಅಳೆದು ಕೊಳ್ಳಬೇಕು. ಹಿಡಿ ಮುಚ್ಚಿದ ಮೇಲೂ ಗಾಳಿ ನುಸುಳುತ್ತಿದ್ದರೆ ಕದದ ಅಂಚಿನಲ್ಲಿ ಚಾಚಿರುವ ಅಣಬೆಯಾಕಾರದ ಗುಬಟುಗಳನ್ನು ಅಲೆನ್ ಕೀಯಿಂದ ಸ್ವಲ್ಪ ತಿರುಗಿಸಿದರೆ ಕದ ರಬ್ಬರಿನ ಮೇಲೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ರಬ್ಬರೇ ಮೂಲೆಗಳಲ್ಲಿ ಕುಗ್ಗಿ ಸಂದು ಬಿಟ್ಟಿದ್ದರೆ ಒಂದು ತುಂಡನ್ನು ಕತ್ತರಿಸಿ ಒಯ್ದು ಅದೇ ಮಾದರಿಯನ್ನು ತರಬೇಕು. ಹಾಕುವಾಗ ಎಳೆಯಬಾರದು, ಎಳೆದು ಹಾಕಿದ ರಬ್ಬರು ವರ್ಷ ಕಳೆಯುವುದರೊಳಗೆ ಮತ್ತೆ ಕುಗ್ಗುತ್ತದೆ.

ಬಾಗಿಲಿನದು ಬೇರೆಯೇ ಅಧ್ಯಾಯ, ಮನೆಯ ನೆಮ್ಮದಿಗೂ ಭದ್ರತೆಗೂ ನೇರವಾಗಿ ಸಂಬಂಧಿಸಿದ್ದು. ಯುಪಿವಿಸಿ ಬಾಗಿಲಿಗೆ ಸಾಮಾನ್ಯವಾಗಿ ಇರುವುದು ಮಲ್ಟಿಪಾಯಿಂಟ್ ಬೀಗ: ಹಿಡಿಯನ್ನು ಮೇಲೆತ್ತಿದಾಗ ಬಾಗಿಲ ಅಂಚಿನುದ್ದಕ್ಕೂ ಇರುವ ಕೊಕ್ಕೆಗಳೂ ರೋಲರುಗಳೂ ಏಕಕಾಲದಲ್ಲಿ ಚೌಕಟ್ಟಿನೊಳಕ್ಕೆ ಹೊಗುತ್ತವೆ, ಬಳಿಕ ಬೀಗದ ಕೈ ತಿರುಗಿಸಿದರೆ ಎಲ್ಲವೂ ಬಂಧಿತವಾಗುತ್ತವೆ. ಹಿಡಿ ಬಿಗಿಯಾದಾಗ ದೋಷ ಬೀಗದ್ದೋ ಬಾಗಿಲಿನದೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಕ್ಷಣದ ಪರೀಕ್ಷೆಯಿಂದ. ಬಾಗಿಲನ್ನು ತೆರೆದಿಟ್ಟುಕೊಂಡು ಹಿಡಿಯನ್ನು ಮೇಲೆತ್ತಿ ಬೀಗದ ಕೈ ತಿರುಗಿಸಬೇಕು. ತೆರೆದಿರುವಾಗ ಸಲೀಸಾಗಿ ಆಡಿ, ಮುಚ್ಚಿದಾಗ ಮಾತ್ರ ಬಿಗಿಯುವುದಾದರೆ ಬೀಗ ನಿರ್ದೋಷಿ. ಬಾಗಿಲು ತನ್ನ ಸ್ಥಾನದಿಂದ ಜಾರಿದೆ. ತೆರೆದಿರುವಾಗಲೂ ಕಿರುಗುಟ್ಟುತ್ತಾ ಒರಟಾಗಿ ಆಡಿದರೆ ಒಳಗಿನ ಗೇರ್ ಬಾಕ್ಸ್ ಸವೆದಿದೆ. ಈ ಪರೀಕ್ಷೆಯನ್ನು ಮಾಡದೆ ತೋಳ್ಬಲದಿಂದ ಹಿಡಿಯನ್ನು ಜಗ್ಗುವವರು, ಕೊಂಚ ಜಾರಿದ ಬಾಗಿಲೆಂಬ ಸಣ್ಣ ದೋಷವನ್ನು ಒಡೆದ ಗೇರ್ ಬಾಕ್ಸ್ ಎಂಬ ದೊಡ್ಡ ದೋಷವಾಗಿ ಬೆಳೆಸುತ್ತಾರೆ; ಅದೂ ಬಾಗಿಲು ಮುಚ್ಚಿರುವಾಗ ಒಡೆದರೆ ಬೀಗದವನನ್ನು ಕರೆಸದೆ ಗತ್ಯಂತರವಿಲ್ಲ.

ಬಾಗಿಲು ಜಾರುವುದಕ್ಕೆ ಎರಡು ಕಾರಣಗಳು. ಒಂದು, ಬಿಸಿಲು: ಯುಪಿವಿಸಿ ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 0.07 ಮಿಲಿಮೀಟರ್ ಹಿಗ್ಗುವುದರಿಂದ, ಎರಡು ಮೀಟರ್ ಎತ್ತರದ ಬಾಗಿಲು 30 ಡಿಗ್ರಿ ಕಾದರೆ ಲೆಕ್ಕದ ಪ್ರಕಾರ 4 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಒಳಗೆ ಉಕ್ಕಿನ ಬಲವರ್ಧನೆ ಇದ್ದರೆ ಅಷ್ಟಾಗದು. ಬೇಸಗೆಯ ಮಧ್ಯಾಹ್ನ ಬಿಗಿದು ರಾತ್ರಿ ಸರಿಹೋಗುವ ಬಾಗಿಲಿಗೆ ಚಿಕಿತ್ಸೆಯ ಅವಸರ ಬೇಡ. ಎರಡನೆಯ ಕಾರಣ ಭಾರ. ಪ್ಲಾಸ್ಟಿಕ್ಕಿನ ಚೌಕಕ್ಕೆ ತನ್ನಷ್ಟಕ್ಕೆ ತಾನು ಚೌಕವಾಗಿ ನಿಲ್ಲುವ ಬಿಗಿತ ಸಾಲದು. ಕೀಲಿನಿಂದ ದೂರವಾದ ಕೆಳಮೂಲೆ ವರ್ಷಗಳ ಕಾಲ ಇಳಿಯುತ್ತಾ ಬಂದು ಒಂದು ದಿನ ಹೊಸ್ತಿಲಿಗೆ ಉಜ್ಜುತ್ತದೆ. ಇದನ್ನು ತಡೆಯಲು ಒಳ್ಳೆಯ ಕೆಲಸಗಾರರು ಮಾಡುವ ಉಪಾಯ ನನಗೆ ಬಹಳ ಮೆಚ್ಚಿಕೆಯಾದದ್ದು: ಬಾಗಿಲೊಳಗಣ ಗಾಜನ್ನೇ ಆಧಾರಪಟ್ಟಿಯಾಗಿ ದುಡಿಸುವುದು. ತೋಟದ ಗೇಟು ಜೋಲದಿರಲೆಂದು ನಮ್ಮ ಹಳ್ಳಿಯ ಬಡಗಿ ಕೀಲಿನ ಬುಡದಿಂದ ಎದುರಿನ ಮೇಲ್ಮೂಲೆಗೆ ಓರೆಯಾಗಿ ಒಂದು ಪಟ್ಟಿಯನ್ನು ಬಡಿಯುತ್ತಾನಲ್ಲವೆ, ಹಾಗೆಯೇ ಇಲ್ಲಿ ಬಾಗಿಸಿದರೂ ಬಾಗದ ಗಾಜಿಗೂ ಚೌಕಟ್ಟಿಗೂ ನಡುವೆ, ಕೀಲಿನ ಬದಿಯ ಕೆಳಮೂಲೆಯಲ್ಲಿಯೂ ಬೀಗದ ಬದಿಯ ಮೇಲ್ಮೂಲೆಯಲ್ಲಿಯೂ ಪ್ಲಾಸ್ಟಿಕ್ ತುಣುಕುಗಳನ್ನು ಬಿಗಿಯಾಗಿ ಇಡುತ್ತಾರೆ. ಭಾರವೆಲ್ಲ ಗಾಜಿನ ಕರ್ಣರೇಖೆಯ ಮೂಲಕ ಕೆಳಗಿನ ಕೀಲಿಗೆ ಇಳಿಯುತ್ತದೆ. ಜೋಲಿದ ಮೂಲೆ ಮೇಲೇಳುತ್ತದೆ. ಬೀಡಿಂಗ್ ತೆಗೆದು, ಸಹಾಯಕನೊಬ್ಬನಿಂದ ಬೀಗದ ಬದಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿಸಿ, ಮಿಲಿಮೀಟರಿನ ಲೆಕ್ಕದಲ್ಲಿ ತುಣುಕು ಸೇರಿಸುತ್ತಾ, ನಡುನಡುವೆ ಮುಚ್ಚಿ ನೋಡುತ್ತಾ ಹೋದರೆ, ಹೊಸ ಬಾಗಿಲೇ ಬೇಕೆಂದು ಹೇಳಿಸಿಕೊಂಡ ಬಾಗಿಲು ಒಂದು ಮಧ್ಯಾಹ್ನದಲ್ಲಿ ತನ್ನ ಹಳೆಯ ನಿಲುವಿಗೆ ಮರಳುವುದನ್ನು ಕಾಣಬಹುದು. ಕೆಲಸಕ್ಕೆ ಬೇಕಾದ ಆ ತುಣುಕುಗಳಷ್ಟು ಅಗ್ಗವಾದ ವಸ್ತು ಮತ್ತೊಂದಿಲ್ಲ.

ಅಷ್ಟಕ್ಕೆ ಹೋಗುವ ಮೊದಲು ಕೀಲುಗಳನ್ನು ಪರೀಕ್ಷಿಸುವುದು ಕ್ರಮ. ಈಚಿನ ಬಾಗಿಲುಗಳ ಕೀಲುಗಳಲ್ಲಿ ಮುಚ್ಚಳದಡಿ ಅಲೆನ್ ಕೀ ಹಾಕುವ ಗುಳಿಗಳಿರುತ್ತವೆ. ಅವುಗಳಲ್ಲೊಂದು ಬಾಗಿಲನ್ನು ಅಕ್ಕಪಕ್ಕಕ್ಕೆ ಸರಿಸುತ್ತದೆ, ಮತ್ತೊಂದು ಮೇಲೆ ಕೆಳಗೆ. ಅರ್ಧ ಸುತ್ತು ತಿರುಗಿಸಿ, ಮುಚ್ಚಿ ನೋಡಿ, ಮತ್ತೆ ಅರ್ಧ ಸುತ್ತು ಎಂಬ ತಾಳ್ಮೆ ಬೇಕು. ಎಲ್ಲ ಕೀಲುಗಳನ್ನೂ ಸಮವಾಗಿ ತಿರುಗಿಸದಿದ್ದರೆ ಭಾರವೆಲ್ಲ ಒಂದರ ಮೇಲೆ ಬೀಳುತ್ತದೆ.

ಗೇರ್ ಬಾಕ್ಸೇ ಸವೆದಿದ್ದರೆ ಹಿಡಿಗಳನ್ನೂ ಬೀಗದ ಕೈ ತೂರುವ ಸಿಲಿಂಡರನ್ನೂ ತೆಗೆದು, ಅಂಚಿನ ಉದ್ದಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿದರೆ ಅದು ಪಟ್ಟಿಯೊಡನೆ ಹೊರಬರುತ್ತದೆ. ಬಹಳ ಮಾದರಿಗಳಲ್ಲಿ ಗೇರ್ ಬಾಕ್ಸನ್ನು ಮಾತ್ರ ಪ್ರತ್ಯೇಕವಾಗಿ ಕೊಳ್ಳಬಹುದು. ಪಟ್ಟಿಯ ಮೇಲಿರುವ ತಯಾರಕರ ಗುರುತು, ಹಿಡಿಯ ಕಡ್ಡಿಯ ಕೇಂದ್ರದಿಂದ ಬೀಗದ ಕೈ ತೂರುವ ಕೇಂದ್ರಕ್ಕೆ ಇರುವ ದೂರ (ಬಹುಸಾಮಾನ್ಯವಾಗಿ 92 ಮಿಲಿಮೀಟರ್), ಬಾಗಿಲ ಅಂಚಿನಿಂದ ಆ ಕೇಂದ್ರಕ್ಕೆ ಇರುವ ದೂರ, ಈ ಮೂರನ್ನು ಬರೆದುಕೊಂಡು ಹೋದರೆ ಅಂಗಡಿಯಲ್ಲಿ ತಪ್ಪಾಗದು. ಹೊಸದನ್ನು ಕೂರಿಸಿದ ಮೇಲೆ, ತೆರೆದ ಬಾಗಿಲಲ್ಲಿ ಹತ್ತಾರು ಸಲ ಆಡಿಸಿ ನೋಡದೆ ಮುಚ್ಚಬಾರದು. ಸಿಲಿಂಡರನ್ನು ತೆಗೆಯಲು ಬಾಗಿಲ ಅಂಚಿನಲ್ಲಿ ಅದರ ನೇರಕ್ಕಿರುವ ಉದ್ದನೆಯ ಸ್ಕ್ರೂವನ್ನು ಬಿಚ್ಚಿ, ಬೀಗದ ಕೈಯನ್ನು ಸ್ವಲ್ಪವೇ ತಿರುಗಿಸಿ ಒಳಗಿನ ನಾಲಗೆಯನ್ನು ಮೈಗೆ ಸಮವಾಗಿಸಿದರೆ ಅದು ಕೈಗೆ ಜಾರಿಬರುತ್ತದೆ. ಸಿಲಿಂಡರು ಹಿಡಿಯ ಫಲಕದಿಂದ 3 ಮಿಲಿಮೀಟರಿಗಿಂತ ಹೆಚ್ಚು ಹೊರಚಾಚಿದ್ದರೆ ಕಳ್ಳನಿಗೆ ಅದನ್ನು ಹಿಡಿದು ಮುರಿಯುವುದು ಸುಲಭ. ಹೊಸದು ಕೊಳ್ಳುವಾಗ ಸ್ಕ್ರೂ ರಂಧ್ರದ ಕೇಂದ್ರದಿಂದ ಎರಡೂ ಕಡೆಯ ಉದ್ದವನ್ನು ಬೇರೆಬೇರೆಯಾಗಿ ಅಳೆದು, ಟಿಎಸ್ 007 ಮಾನದಂಡದ ಮೂರು ನಕ್ಷತ್ರಗಳ ಗುರುತಿರುವುದನ್ನೇ ಆರಿಸುವುದು ವಿವೇಕ. ಸಿಲಿಂಡರಿನೊಳಕ್ಕೆ ಎಣ್ಣೆ ಬಿಡುವ ಅಭ್ಯಾಸವೂ ಒಳ್ಳೆಯದಲ್ಲ, ಅದು ಧೂಳನ್ನು ಹಿಡಿದು ಜಿಡ್ಡುಗಟ್ಟುತ್ತದೆ. ಗ್ರಾಫೈಟ್ ಪುಡಿ ಸಾಕು. ಕೊಕ್ಕೆ ರೋಲರುಗಳಿಗೆ ತೆಳುವಾದ ಎಣ್ಣೆ ತಕ್ಕದ್ದು.

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿಯೂ ಈಗ ಯುಪಿವಿಸಿ ಕಿಟಕಿಗಳು ಬಂದಿವೆ. ರಸ್ತೆಯ ಸದ್ದು ತಡೆಯಲೆಂದು ಜೋಡಿಗಾಜು ಹಾಕಿಸುವವರೂ ಉಂಟು. ಅಲ್ಲಿ ಶೀತದ ಬಾಧೆ ಇಲ್ಲ, ಮುಂಗಾರಿನ ಬೀಸುಮಳೆಯದು ಇದೆ. ಜಾರುಕಿಟಕಿಯ ಕಾಲುವೆಯಲ್ಲಿ ಧೂಳು, ಸಿಮೆಂಟಿನ ಪುಡಿ ತುಂಬಿ ರಂಧ್ರಗಳು ಮುಚ್ಚಿದ್ದರೆ ನೀರು ಒಳಗಡೆಯೇ ತುಳುಕುತ್ತದೆ. ಮೇ ತಿಂಗಳಲ್ಲಿ ಒಮ್ಮೆ ತಂತಿ ಆಡಿಸಿ ನೀರು ಹುಯ್ದು ನೋಡುವವರ ಮನೆಯ ಗೋಡೆ ಜೂನ್ ತಿಂಗಳಲ್ಲಿ ನೆನೆಯುವುದಿಲ್ಲ.

ಮರಳಿ ಬ್ರಿಟನ್ನಿನ ಮಾತಿಗೆ ಬಂದರೆ, ಕೈಹಾಕುವ ಮುನ್ನ ವಿಚಾರಿಸಬೇಕಾದ ಕೆಲವು ವಿಷಯಗಳಿವೆ. ಕಿಟಕಿ ಹಾಕಿಸಿ ಹೆಚ್ಚು ಕಾಲವಾಗಿರದಿದ್ದರೆ ಹಳೆಯ ಕಾಗದಪತ್ರಗಳನ್ನು ತೆಗೆದು ನೋಡಬೇಕು. ಗಾಜಿನ ಹಲಗೆಗೆ 10 ವರ್ಷದ ಭರವಸೆ ಕೊಡುವುದು ಸಾಮಾನ್ಯ, ತಾನೇ ಬಿಚ್ಚಿದರೆ ಆ ಹಕ್ಕು ಹೋಗಬಹುದು. ಇಂಗ್ಲೆಂಡಿನಲ್ಲಿ ಚೌಕಟ್ಟು ಸಹಿತ ಇಡೀ ಕಿಟಕಿಯನ್ನು ಬದಲಾಯಿಸುವುದಕ್ಕೆ ಕಟ್ಟಡ ನಿಯಮಗಳ ಪ್ರಮಾಣಪತ್ರ ಬೇಕು, 2002ರಿಂದ ಫೆನ್ಸಾ ಎಂಬ ವ್ಯವಸ್ಥೆ ಇರುವುದು ಇದಕ್ಕಾಗಿ. ಇದ್ದ ಚೌಕಟ್ಟಿನೊಳಕ್ಕೆ ಗಾಜಿನ ಹಲಗೆಯನ್ನು ಮಾತ್ರ ಬದಲಾಯಿಸುವ ದುರಸ್ತಿಗೆ ಆ ತೊಡಕಿಲ್ಲ. ಬಾಡಿಗೆಯ ಮನೆಯಾದರೆ ಕಟ್ಟಡದ ಹೊರಭಾಗದ ದುರಸ್ತಿಯ ಹೊಣೆಯನ್ನು 1985ರ ಕಾನೂನು ಮಾಲೀಕನ ಮೇಲೆ ಇಟ್ಟಿರುವುದರಿಂದ, ಮಂಜು ಕವಿದ ಗಾಜಿನ ಚಿತ್ರವನ್ನು ದಿನಾಂಕ ಸಹಿತ ತೆಗೆದು ಬರವಣಿಗೆಯಲ್ಲಿ ತಿಳಿಸುವುದು ಬಾಡಿಗೆದಾರನಿಗೆ ಉಚಿತವಾದ ಮಾರ್ಗ.

ಮಲಗುವ ಕೋಣೆಯ ಕಿಟಕಿಯ ಕೀಲನ್ನು ಬದಲಾಯಿಸುವವರು ಇನ್ನೊಂದು ಅಂಶವನ್ನು ಮರೆಯಬಾರದು. ಬೆಂಕಿ ಬಿದ್ದಾಗ ಜನ ಹೊರಬೀಳುವ ದಾರಿಯಾಗಿ ಗೊತ್ತುಮಾಡಿದ ಕಿಟಕಿಗೆ, ತೆರೆದಾಗ ಕನಿಷ್ಠ 0.33 ಚದರ ಮೀಟರ್ ಅವಕಾಶವಿರಬೇಕು, ಅಗಲವೂ ಎತ್ತರವೂ 450 ಮಿಲಿಮೀಟರಿಗೆ ಕಡಮೆಯಾಗಬಾರದು, ತೆರಪಿನ ಕೆಳಅಂಚು ನೆಲದಿಂದ 1100 ಮಿಲಿಮೀಟರ್ ಮೀರಬಾರದು. ಅದಕ್ಕೆಂದೇ ಅಂತಹ ಕದಗಳಿಗೆ ಅಗಲವಾಗಿ ತೆರೆಯುವ ವಿಶೇಷ ಕೀಲುಗಳಿರುತ್ತವೆ. ಅವುಗಳ ಬದಲಿಗೆ ಸಾಧಾರಣ ಕೀಲು ಹಾಕಿದರೆ ಕದ ಅರ್ಧಕ್ಕೇ ನಿಲ್ಲುತ್ತದೆ. ಚಿಕ್ಕ ಮಕ್ಕಳು ಬೀಳದಿರಲೆಂದು 100 ಮಿಲಿಮೀಟರಿಗೆ ತಡೆಯುವ ಕೊಂಡಿ ಹಾಕುವವರು ದೊಡ್ಡವರು ಕೈಯಿಂದಲೇ ಬಿಡಿಸಬಲ್ಲ ಮಾದರಿಯನ್ನು ಆರಿಸಲಿ, ಹಿಡಿಗೆ ಬೀಗವಿದ್ದರೆ ಅದರ ಬೀಗದ ಕೈಯನ್ನು ಅದೇ ಕೋಣೆಯಲ್ಲಿ, ಕಿಟಕಿಯ ಹತ್ತಿರ, ಮನೆಯವರೆಲ್ಲರಿಗೂ ತಿಳಿದ ಒಂದು ಮೊಳೆಗೆ ತೂಗುಹಾಕಲಿ.